ಪೂರಕ ಚಿಕಿತ್ಸೆಗಳಲ್ಲಿ ಯಾವುದು, ಯಾವಾಗ? ಉತ್ತರ ಕನ್ನಡದ ಕುಟುಂಬಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಸಲಹೆಗಳಿಗೆ ಕೊರತೆಯಿರುವುದಿಲ್ಲ. ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ದವಾಖಾನೆಗಳ ಜೊತೆಗೆ ಆಯುರ್ವೇದ ವೈದ್ಯರಿದ್ದಾರೆ, ಹೋಮಿಯೋಪತಿ ಡಾಕ್ಟರಿದ್ದಾರೆ, ಪ್ರಕೃತಿ ಚಿಕಿತ್ಸೆಯ ಕೇಂದ್ರಗಳಿವೆ, ಗೋಕರ್ಣದಲ್ಲಿ ಯೋಗ ಶಿಬಿರಗಳೂ ಎಣ್ಣೆ ಮಸಾಜಿನ ಕೇಂದ್ರಗಳೂ ಇವೆ, ಮುಂಡಗೋಡದಲ್ಲಿ ಟಿಬೆಟನ್ ವೈದ್ಯ ಪದ್ಧತಿಯಿದೆ, ಇವೆಲ್ಲದರ ನಡುವೆ ನಾಟಿ ವೈದ್ಯವೂ ಊರೂರಿನಲ್ಲಿ ನಡೆದುಕೊಂಡು ಬಂದಿದೆ. ಇಷ್ಟು ದಾರಿಗಳಲ್ಲಿ ಒಂದನ್ನು ಹೆಚ್ಚಿನವರು ಆರಿಸಿಕೊಳ್ಳುವುದು ಯಾರೋ ನೆಂಟರಿಗೆ ಗುಣವಾಯಿತೆಂಬ ಮಾತಿನ ಮೇಲೆ. ಆ ಮಾತು ನಿಜವೇ ಇರಬಹುದು. ಆದರೆ ಅವರಿಗಿದ್ದ ಕಾಯಿಲೆಯೂ ನಮಗಿರುವ ಕಾಯಿಲೆಯೂ ಒಂದೇ ಎಂಬುದಕ್ಕೆ ಅದರಲ್ಲಿ ಆಧಾರವಿರುವುದಿಲ್ಲ.

ಈ ಚಿಕಿತ್ಸೆಗಳನ್ನು ಎರಡು ರೀತಿಯಲ್ಲಿ ಬಳಸಲಾಗುತ್ತದೆ. ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದುವರಿಸುತ್ತಲೇ ನೋವು, ನಿದ್ರೆ, ಆತಂಕ, ಕೈಕಾಲಿನ ಚಲನೆ ಸುಧಾರಿಸಲೆಂದು ಜೊತೆಯಾಗಿ ತೆಗೆದುಕೊಂಡರೆ ಅದು ಪೂರಕ ಚಿಕಿತ್ಸೆ. ಆಸ್ಪತ್ರೆಯನ್ನು ಬಿಟ್ಟು ಅದರ ಬದಲಿಗೆ ತೆಗೆದುಕೊಂಡರೆ ಪರ್ಯಾಯ ಚಿಕಿತ್ಸೆ. ಮೊದಲನೆಯ ರೀತಿಯಲ್ಲಿ ಉಪಕಾರ ಮಾಡುವ ಎಣ್ಣೆಯೋ ಕಷಾಯವೋ ಆಸನವೋ ಎರಡನೆಯ ರೀತಿಯಲ್ಲಿ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಯಾವ ಪದ್ಧತಿ ಶ್ರೇಷ್ಠವೆಂದು ವಾದಿಸುವುದಕ್ಕಿಂತ, ಕಾಯಿಲೆ ಏನೆಂಬುದು ಖಚಿತವಾಗಿದೆಯೇ, ಈ ಚಿಕಿತ್ಸೆಯಿಂದ ನಾವು ನಿರೀಕ್ಷಿಸುತ್ತಿರುವುದು ಏನು, ಕಾದು ನೋಡಿದರೆ ಕಳೆದುಕೊಳ್ಳುವುದು ಏನು ಎಂದು ಕೇಳಿಕೊಳ್ಳುವುದು ಮೇಲು. ನಮ್ಮ ಜಿಲ್ಲೆಯಲ್ಲಿ ಈ ಕೊನೆಯ ಪ್ರಶ್ನೆಗೆ ತೂಕ ಹೆಚ್ಚು. ದೊಡ್ಡ ಚಿಕಿತ್ಸೆಯೆಂದರೆ ಕಾರವಾರದವರು ಗೋವೆಗೂ, ಕುಮಟಾ, ಹೊನ್ನಾವರದವರು ಮಣಿಪಾಲ, ಮಂಗಳೂರುಗಳಿಗೂ, ಶಿರಸಿಯವರು ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೂ ಹೋಗುವುದು ರೂಢಿಯಾಗಿದ್ದು, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ವರ್ಷಗಳಿಂದಲೂ ಕೇಳಿಬರುತ್ತಿದೆ. ದಾರಿಯೇ ಇಷ್ಟು ಹೊತ್ತು ತಿನ್ನುವಾಗ, ಮೊದಲು ಇಲ್ಲಿ ನೋಡೋಣ, ಆಗದಿದ್ದರೆ ಅಲ್ಲಿಗೆ ಹೋಗೋಣ ಎಂದು ಕಳೆಯುವ ಒಂದೊಂದು ಗಂಟೆಯೂ ದುಬಾರಿಯಾಗುತ್ತದೆ.

ಬೆನ್ನುನೋವು: ಆಯ್ಕೆಗೆ ನಿಜವಾಗಿಯೂ ಅವಕಾಶವಿರುವ ಕಾಯಿಲೆ

ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ತಿರುಗುವ ಹೆಂಗಸರು, ಅಡಿಕೆ ಮರ ಹತ್ತುವ ಕೊನೆಗೌಡರು, ದಿನವಿಡೀ ಘಟ್ಟ ಹತ್ತಿಳಿಯುವ ಬಸ್ಸಿನ ಚಾಲಕರು, ಇವರೆಲ್ಲರನ್ನೂ ಕಾಡುವ ಸೊಂಟದ ನೋವಿನಿಂದ ಹೋಲಿಕೆಯನ್ನು ಆರಂಭಿಸುವುದು ಸೂಕ್ತ. ಏಕೆಂದರೆ ಪೂರಕ ಚಿಕಿತ್ಸೆಗಳಿಗೆ ವೈಜ್ಞಾನಿಕ ಬೆಂಬಲ ಹೆಚ್ಚಾಗಿ ದೊರೆತಿರುವುದು ಇಂಥ ನೋವಿನ ವಿಷಯದಲ್ಲಿಯೇ. ಮೂರು ತಿಂಗಳಿಗೂ ಮೀರಿ ಉಳಿದ ಸೊಂಟದ ನೋವಿಗೆ ಮಾತ್ರೆಗಳಿಗಿಂತ ಮೊದಲು ವ್ಯಾಯಾಮ, ಯೋಗ, ಆಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ), ಧ್ಯಾನಾಧಾರಿತ ಒತ್ತಡ ನಿವಾರಣೆ ಮುಂತಾದವುಗಳನ್ನು ಪ್ರಯತ್ನಿಸಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿಯೇ ಸೂಚಿಸಿತು. ಯೋಗದಿಂದ ಸಿಗುವ ಲಾಭ ಸಾಧಾರಣ ಪ್ರಮಾಣದ್ದು, ಅದು ಕಾಣಿಸಿಕೊಳ್ಳಲು ವಾರಗಳೇ ಬೇಕು. ಆದರೆ ಒಮ್ಮೆ ಕಲಿತರೆ ಮನೆಯ ಚಾವಡಿಯಲ್ಲಿಯೇ ಮಾಡಿಕೊಳ್ಳಬಹುದಾದ್ದರಿಂದ ಖರ್ಚು ಕಡಿಮೆ. ನೋವಿರುವವರಿಗೆ ಮುಂದೆ ಬಾಗುವ ಆಸನಗಳನ್ನು ಬದಲಿಸಿಕೊಡಬಲ್ಲ ಗುರುಗಳು ಬೇಕು. ನೂರು ಜನರ ಶಿಬಿರದಲ್ಲಿ ಎಲ್ಲರಿಗೂ ಒಂದೇ ಅಭ್ಯಾಸ ಮಾಡಿಸುವ ಕಡೆ ಸೊಂಟ ನೋವಿನವರು ಸೇರುವುದು ಒಳ್ಳೆಯದಲ್ಲ.

ಆಯುರ್ವೇದದಲ್ಲಿ ಇದೇ ನೋವಿಗೆ ಕಟಿಬಸ್ತಿ ಮಾಡುತ್ತಾರೆ. ರೋಗಿಯನ್ನು ಬೋರಲು ಮಲಗಿಸಿ, ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಸೊಂಟದ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಔಷಧೀಯ ಎಣ್ಣೆ ಸುರಿದು, ಆರಿದ ಹಾಗೆ ಎಣ್ಣೆಯನ್ನು ಹತ್ತಿಯಿಂದ ಹಿಂಡಿ ತೆಗೆದು ಮತ್ತೆ ಬಿಸಿ ಎಣ್ಣೆ ತುಂಬುತ್ತ ಅರ್ಧ ಗಂಟೆ ಇರಿಸುತ್ತಾರೆ. ಬಿಗಿದ ಸ್ನಾಯುಗಳು ಸಡಿಲಗೊಂಡು ಹಾಯೆನಿಸುವುದು ಅನುಭವಕ್ಕೆ ಬರುತ್ತದೆ. ಆದರೆ ಚಿಕಿತ್ಸೆ ನಿಲ್ಲಿಸಿದ ಮೇಲೆ ಸೊಂಟಕ್ಕೆ ಆಧಾರ ಕೊಡುವ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸ ಇಲ್ಲದಿದ್ದರೆ ನೋವು ಮರಳುವ ಸಾಧ್ಯತೆ ಹೆಚ್ಚು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಫಿಸಿಯೋಥೆರಪಿ ಅಥವಾ ಯೋಗ ಮೊದಲ ಆಯ್ಕೆಯಾಗಬೇಕು, ಎಣ್ಣೆಯ ಚಿಕಿತ್ಸೆ ಅದಕ್ಕೆ ಆಸರೆಯಾಗಬೇಕು. ತರಬೇತಿ ಪಡೆದವರು ಸಿಕ್ಕಿದರೆ ಆಕ್ಯುಪಂಕ್ಚರನ್ನೂ ಪ್ರಯತ್ನಿಸಬಹುದು. ಸೂಜಿಗಳು ಒಮ್ಮೆ ಮಾತ್ರ ಬಳಸುವಂಥವೇ ಎಂದು ಕೇಳಿ, ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲು ಹೇಳುವುದಕ್ಕೆ ಸಂಕೋಚ ಬೇಡ. ಬೆನ್ನುನೋವಿನೊಂದಿಗೆ ಮೂತ್ರ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಕಾಲು ಸೋತರೆ, ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಇದ್ದರೆ ಇವು ಯಾವುದೂ ಬೇಡ; ನೇರ ಆಸ್ಪತ್ರೆಗೆ ಹೋಗಬೇಕು.

ಪಂಚಕರ್ಮ ಮತ್ತು ಸೊಪ್ಪುಬೇರಿನ ಔಷಧ

ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಗುದದ್ವಾರದ ಮೂಲಕ ಔಷಧ ಕೊಡುವುದು), ನಸ್ಯ (ಮೂಗಿಗೆ ಔಷಧ ಹಾಕುವುದು), ರಕ್ತಮೋಕ್ಷಣ (ರಕ್ತ ಹೊರತೆಗೆಯುವುದು) ಇವು ಆಯುರ್ವೇದದ ಪಂಚಕರ್ಮವೆನಿಸಿದ ಐದು ಕರ್ಮಗಳು. ಎಣ್ಣೆ ಹಚ್ಚುವ ಅಭ್ಯಂಗ ಮತ್ತು ಬೆವರಿಸುವ ಸ್ವೇದನ ಇವಕ್ಕೆ ಪೂರ್ವಸಿದ್ಧತೆಯಷ್ಟೇ. ಔಷಧೀಯ ತುಪ್ಪ ಕುಡಿಸುವ ಸ್ನೇಹಪಾನಕ್ಕೇ ಮೂರರಿಂದ ಏಳು ದಿನ ಹಿಡಿಯುತ್ತದೆ. ವಮನ ವಸಂತದಲ್ಲಿ, ವಿರೇಚನ ಶರತ್ಕಾಲದಲ್ಲಿ, ಬಸ್ತಿ ಮಳೆಗಾಲದಲ್ಲಿ ಎಂದು ಶಾಸ್ತ್ರವೇ ಋತುಗಳನ್ನು ವಿಂಗಡಿಸಿದೆ. ಹೀಗಿರುವಾಗ ಮೂರು ದಿನದಲ್ಲಿ ಪಂಚಕರ್ಮ ಮುಗಿಸಿಕೊಡುತ್ತೇವೆಂಬ ಪ್ಯಾಕೇಜುಗಳಲ್ಲಿ ಸಿಗುವುದು ಎಣ್ಣೆ ಸ್ನಾನ ಮತ್ತು ಹಬೆ. ವಿಶ್ರಾಂತಿಗಾಗಿ ಅದನ್ನು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಕಾಯಿಲೆಯ ಚಿಕಿತ್ಸೆಯೆಂದು ಹಣ ತೆರುವುದು ಸರಿಯಲ್ಲ. ಗರ್ಭಿಣಿಯರು, ತೀರ ನಿಶ್ಶಕ್ತರು, ಗಂಭೀರ ಹೃದ್ರೋಗಿಗಳು ವಮನ, ವಿರೇಚನಗಳಿಗೆ ಒಳಗಾಗಬಾರದು. ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಯಾವ ಮಸಾಜನ್ನೂ ಮಾಡಿಸಿಕೊಳ್ಳಬಾರದು, ಏಕೆಂದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು.

ಗಿಡಮೂಲಿಕೆಯ ಮಾತಿಗೆ ಬಂದರೆ, ನಮ್ಮಲ್ಲಿ ಊಟಕ್ಕೂ ಔಷಧಕ್ಕೂ ನಡುವೆ ಗೋಡೆಯೇ ಇಲ್ಲ. ಒಂದೆಲಗದ ತಂಬುಳಿ, ಮುರುಗಲ ಸಿಪ್ಪೆಯ ಪಾನಕ, ಜೀರಿಗೆ ಕೊತ್ತಂಬರಿಯ ಕಷಾಯ ಇವೆಲ್ಲ ಅಡುಗೆಮನೆಯ ಪ್ರಮಾಣದಲ್ಲಿ ನಿಶ್ಚಿಂತೆಯಿಂದ ಸೇವಿಸಬಹುದಾದವು. ತೊಂದರೆ ಶುರುವಾಗುವುದು ಪ್ರಮಾಣ ಏರಿದಾಗ. ಸಾರಿಗೆ ಎರಡು ಮೂರು ಹಾಕುವ ಬಿಂಬುಳಿಯನ್ನು ಕೊಲೆಸ್ಟ್ರಾಲ್ ಇಳಿಸಲೆಂದು ಅರೆದು, ರಸ ಹಿಂಡಿ, ಲೋಟಗಟ್ಟಲೆ ಕುಡಿದವರಲ್ಲಿ ಅದರ ಆಕ್ಸಲೇಟ್ ಅಂಶ ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟಿ, ಕಿಡ್ನಿ ವಿಫಲವಾಗಿ ಡಯಾಲಿಸಿಸ್ ಮಾಡಬೇಕಾಗಿ ಬಂದ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತ ಉಂಟಾದದ್ದನ್ನು ಭಾರತದ ವೈದ್ಯರೇ ದಾಖಲಿಸಿದ್ದಾರೆ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ; ಮಧುನಾಶಿನಿ, ಹಾಗಲಕಾಯಿ ರಸ ಇವು ಸಕ್ಕರೆ ಮಾತ್ರೆಯೊಡನೆ ಸೇರಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ನೈಸರ್ಗಿಕವಾದದ್ದು ನಿರಪಾಯಕಾರಿ ಎನ್ನುವವರಿಗೆ ನಮ್ಮ ಕರಾವಳಿಯ ಕಾಸರಕದ ಬೀಜವೇ ಉತ್ತರ: ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಉಗ್ರ ವಿಷ. ಆಯುರ್ವೇದ ಅದನ್ನು ಶೋಧನೆ, ಅಂದರೆ ವಿಷಾಂಶ ತಗ್ಗಿಸುವ ಸಂಸ್ಕಾರ, ಮಾಡಿದ ಮೇಲೆಯೇ ಬಳಸುತ್ತದೆ.

ಅಂಗಡಿಯಿಂದ ತಂದ ಔಷಧದ ಬಾಟಲಿಯನ್ನು ತಿರುಗಿಸಿ ನೋಡುವ ಅಭ್ಯಾಸ ಪ್ರತಿಯೊಬ್ಬರಿಗೂ ಇರಬೇಕು. ಆಯುರ್ವೇದ ಔಷಧವೆಂಬ ಬರಹ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಘಟಕಗಳ ಪಟ್ಟಿ ಕಡ್ಡಾಯವಾಗಿ ಇರಬೇಕು. ವತ್ಸನಾಭಿ, ಪಾದರಸ, ಹರಿತಾಳದಂಥ ವಿಷದ್ರವ್ಯಗಳು ಸೇರಿದ್ದರೆ ವೈದ್ಯರ ನಿಗಾದಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯೂ ಅಚ್ಚಾಗಿರಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಐದರಲ್ಲೊಂದು ಪಾಲಿನವುಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ಹೆಸರು ವಿಳಾಸವಿಲ್ಲದ ಪುಡಿಯ ಪೊಟ್ಟಣಗಳ ಬಗ್ಗೆ ಇನ್ನೂ ಎಚ್ಚರ ಬೇಕು. ವರ್ಷಗಟ್ಟಲೆಯ ಕೀಲುನೋವೋ ದಮ್ಮೋ ಎರಡೇ ದಿನದಲ್ಲಿ ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾಗುತ್ತಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆಯಿದೆ. ಆಗ ಅದನ್ನು ಥಟ್ಟನೆ ಬಿಡುವುದೂ ಅಪಾಯ. ಪೊಟ್ಟಣದ ಸಮೇತ ವೈದ್ಯರನ್ನು ಕಾಣಬೇಕು.

ಪ್ರಕೃತಿ ಚಿಕಿತ್ಸೆ, ಹೋಮಿಯೋಪತಿ ಮತ್ತು ಉಳಿದವು

ಪ್ರಕೃತಿ ಚಿಕಿತ್ಸೆಯ ಬಲವಿರುವುದು ಊಟ, ನಿದ್ರೆ, ನಡಿಗೆಗಳನ್ನು ಶಿಸ್ತಿಗೆ ತರುವುದರಲ್ಲಿ. ಬೊಜ್ಜು, ಆರಂಭದ ಹಂತದ ರಕ್ತದೊತ್ತಡ, ಮಲಬದ್ಧತೆ ಇರುವವರಿಗೆ ಕೇಂದ್ರದಲ್ಲಿದ್ದು ಕಲಿತ ಕ್ರಮವನ್ನು ಮನೆಯಲ್ಲಿಯೂ ಉಳಿಸಿಕೊಂಡರೆ ನಿಜವಾದ ಪ್ರಯೋಜನವಿದೆ. ಉಪವಾಸದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣವನ್ನು ವೈದ್ಯರಿಂದ ಮರುಹೊಂದಿಸಿಕೊಳ್ಳದೆ ಉಪವಾಸಕ್ಕೆ ಕೂರಬಾರದು.

ಹೋಮಿಯೋಪತಿಗೆ ಕರಾವಳಿಯಲ್ಲಿ ಹಳೆಯ ಬೇರುಗಳಿವೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಆರಂಭಿಸಿದ್ದರು. ಆದರೆ 12ಸಿ ಮಟ್ಟವನ್ನು (ನೂರರಲ್ಲೊಂದು ಪಾಲಿನಂತೆ ಹನ್ನೆರಡು ಬಾರಿ) ದಾಟಿ ತೆಳುಗೊಳಿಸಿದ ಔಷಧದಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲ, ಮತ್ತು ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆಯಿಲ್ಲವೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ತೀರ್ಮಾನಿಸಿತು. ರೋಗಿಯ ಮಾತನ್ನು ಅರ್ಧ ಗಂಟೆ ತಾಳ್ಮೆಯಿಂದ ಕೇಳುವ ಡಾಕ್ಟರರಿಂದ ಮನಸ್ಸಿಗೆ ಸಿಗುವ ಸಮಾಧಾನ ದೊಡ್ಡದು. ತಾನಾಗಿಯೇ ಇಳಿಯುವ ನೆಗಡಿಯಂಥ ತೊಂದರೆಗೆ ಅಷ್ಟು ಸಾಕಾಗಬಹುದು. ಮಗುವಿನ ಲಸಿಕೆಯ ಬದಲು, ನ್ಯುಮೋನಿಯಾಕ್ಕೆ ಪ್ರತಿಜೈವಿಕ (ಆಂಟಿಬಯೋಟಿಕ್) ಔಷಧದ ಬದಲು ಅದನ್ನು ಎಂದಿಗೂ ಆರಿಸಬಾರದು.

ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾದಂದಿನಿಂದ ಅವರ ವೈದ್ಯವೂ ನಮ್ಮ ಜಿಲ್ಲೆಯ ಪಾಲಾಗಿದೆ. ಸೋವಾ ರಿಗ್ಪಾ ಎಂಬ ಈ ಪದ್ಧತಿಗೆ ಕೇಂದ್ರ ಸರ್ಕಾರ 2010ರಲ್ಲಿ ಮಾನ್ಯತೆ ನೀಡಿದ್ದು, ನಾಡಿ ಮತ್ತು ಮೂತ್ರ ಪರೀಕ್ಷೆ ಇದರ ಮುಖ್ಯ ಕ್ರಮಗಳು. ಗುಳಿಗೆಗಳಲ್ಲಿ ಏನೇನಿದೆ ಎಂದು ಕೇಳಿ ತಿಳಿಯುವ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಧ್ಯಾನದಿಂದ ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ತಕ್ಕಮಟ್ಟಿಗೆ ತಗ್ಗುತ್ತವೆ. ಗಂಭೀರ ಮಾನಸಿಕ ಕಾಯಿಲೆಯಿರುವವರು ಮಾತ್ರ ಹತ್ತು ದಿನಗಳ ಮೌನ ಶಿಬಿರದಂಥವಕ್ಕೆ ಸೇರುವ ಮುನ್ನ ಮನೋವೈದ್ಯರನ್ನು ಕೇಳಲೇಬೇಕು. ಕೈಯಿಟ್ಟು ಶಕ್ತಿ ಹರಿಸುತ್ತೇವೆನ್ನುವ ರೇಖಿ ಕುರಿತು ಹೇಳುವುದು ಹೆಚ್ಚಿಲ್ಲ: ಹಾನಿಯಿಲ್ಲ, ಆದರೆ ಕಾಯಿಲೆ ವಾಸಿಮಾಡುತ್ತದೆಂಬುದಕ್ಕೆ ಆಧಾರವಿಲ್ಲ.

ಪಾರ್ಶ್ವವಾಯು: ನಾಟಿ ಔಷಧ ಮೊದಲೋ, ಆಸ್ಪತ್ರೆ ಮೊದಲೋ?

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವವರಿದ್ದರೆ ಇದನ್ನು ಓದಲಿ ಎಂಬುದು ನನ್ನ ಕಳಕಳಿಯ ವಿನಂತಿ. ಅಂಕೋಲಾ ತಾಲ್ಲೂಕಿನ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ಹೆಸರಾಗಿದ್ದು, ಹೊರಜಿಲ್ಲೆಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ. ಈ ಭಾಗದ ಹಾಲಕ್ಕಿ ಒಕ್ಕಲಿಗ ಸಮುದಾಯದ ಗಿಡಮರಗಳ ಜ್ಞಾನ ಎಂಥದ್ದೆಂಬುದಕ್ಕೆ ಪದ್ಮಶ್ರೀ ಪುರಸ್ಕೃತರಾದ ಹೊನ್ನಳ್ಳಿಯ ತುಳಸಿ ಗೌಡ ಅವರ ಬದುಕೇ ಸಾಕ್ಷಿಯಾಗಿತ್ತು. ಆ ಜ್ಞಾನದ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಪಾರ್ಶ್ವವಾಯು ಬಡಿದ ಮೊದಲ ಗಂಟೆಗಳು ಆಸ್ಪತ್ರೆಗೆ ಸೇರಿದವು.

ಮೆದುಳಿನ ರಕ್ತನಾಳ ಕಟ್ಟಿಕೊಂಡರೂ ಪಾರ್ಶ್ವವಾಯು ಬರುತ್ತದೆ, ಒಡೆದರೂ ಬರುತ್ತದೆ. ಹೊರಗಿನಿಂದ ನೋಡಿ ಇದು ಯಾವುದೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು, ಸಿ.ಟಿ. ಸ್ಕ್ಯಾನ್ ಬೇಕು. ಕಟ್ಟಿಕೊಂಡದ್ದಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಘಟ್ಟದ ಹಳ್ಳಿಯಿಂದ ಪೇಟೆಗೆ, ಅಲ್ಲಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗುವುದರಲ್ಲಿ ಈ ಅವಧಿಯ ಬಹುಪಾಲು ಕರಗಿಹೋಗುತ್ತದೆ. ಬಾಯಿ ಸೊಟ್ಟಗಾಗಿದೆಯೇ, ಎರಡೂ ಕೈ ಎತ್ತಿದರೆ ಒಂದು ಜಾರುತ್ತದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಿ, ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಬೇಕು. ಬಾಯಿಗೆ ಔಷಧ, ನೀರು ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪೂರಕ ಚಿಕಿತ್ಸೆಗೆ ಅವಕಾಶ ತೆರೆದುಕೊಳ್ಳುತ್ತದೆ. ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಆಗುವುದರಿಂದ ಫಿಸಿಯೋಥೆರಪಿಯನ್ನು ಆಗಲೇ ಬಿಡದೆ ಮಾಡಿಸಬೇಕು. ಅದರ ಜೊತೆಗೆ ಅಭ್ಯಂಗ ಮಾಡಿಸಿದರೆ ಬಿಗಿತದ ನೋವಿಗೆ ಆರಾಮವೆನಿಸಬಹುದು. ನಾಟಿ ಔಷಧ ತೆಗೆದುಕೊಳ್ಳಲೇಬೇಕೆಂಬ ಶ್ರದ್ಧೆಯಿದ್ದರೆ ರಕ್ತದೊತ್ತಡದ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸದೆ, ಚಿಕಿತ್ಸೆ ನೀಡಿದ ಡಾಕ್ಟರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು. ಪಥ್ಯದ ಹೆಸರಿನಲ್ಲಿ ಇಂಗ್ಲಿಷ್ ಮದ್ದನ್ನೆಲ್ಲ ಬಿಡಿ ಎಂದು ಯಾರಾದರೂ ಹೇಳಿದರೆ ಆ ಒಂದು ಮಾತನ್ನು ಮಾತ್ರ ಪಾಲಿಸಬೇಡಿ. ಎರಡನೆಯ ಆಘಾತ ಬರುವುದು ಎಷ್ಟೋ ಬಾರಿ ಹಾಗೆಯೇ.

ಕಾಮಾಲೆ, ಮುರಿದ ಮೂಳೆ, ಕ್ಯಾನ್ಸರ್

ಕಾಮಾಲೆಗೆ ನೆಲನೆಲ್ಲಿ ಕೊಟ್ಟು ವಾಸಿ ಮಾಡುವವರು ಎಲ್ಲೆಡೆ ಇದ್ದಾರೆ. ಕಲುಷಿತ ನೀರಿನಿಂದ ಬರುವ ಎ ಮತ್ತು ಇ ಬಗೆಯ (ಹೆಪಟೈಟಿಸ್ ಎ, ಇ) ಕಾಮಾಲೆಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವುದರಿಂದ ಯಾವ ಔಷಧ ಕೊಟ್ಟರೂ ಅದರಿಂದಲೇ ಗುಣವಾಯಿತೆಂದು ತೋರುತ್ತದೆ. ಹೆಪಟೈಟಿಸ್ ಬಿ ಸೋಂಕಿಗೆ ನೆಲನೆಲ್ಲಿ ಫಲಕಾರಿಯೆಂದು ಚೆನ್ನೈನ ಸಂಶೋಧಕರು 1988ರಲ್ಲಿ ವರದಿ ಮಾಡಿದ್ದರೂ ನಂತರದ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಜ್ವರ, ಮೈಕೈ ನೋವು ಬಂದು ಕಣ್ಣು ಹಳದಿಯಾದರೆ ಅದು ಇಲಿಜ್ವರವಿರಬಹುದು, ಅದಕ್ಕೆ ಪ್ರತಿಜೈವಿಕ ಔಷಧ ಬೇಗ ಬೀಳಬೇಕು. ಗರ್ಭಿಣಿಯರಲ್ಲಿ ಇ ಬಗೆಯ ಕಾಮಾಲೆ ಜೀವಕ್ಕೇ ಅಪಾಯ. ಹಾಗಾಗಿ ಮೊದಲು ರಕ್ತ ಪರೀಕ್ಷೆ, ಆಮೇಲೆ ಬೇಕಾದರೆ ಪಥ್ಯ.

ಉಳುಕಿಗೆ ಎಣ್ಣೆ ತಿಕ್ಕಿಸುವ ಮೊದಲು ಎಕ್ಸ್‌ರೇ ತೆಗೆಸಬೇಕು. ಮೂಳೆ ಕಟ್ಟುವವರು ಹಾಕಿದ ಪಟ್ಟಿ ಬಿಗಿಯಾಗಿ ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ, ಜುಮ್ಮೆಂದರೆ ಬೆಳಗಾಗುವವರೆಗೆ ಕಾಯದೆ ಪಟ್ಟಿ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ರಕ್ತ ಸಂಚಾರ ನಿಂತ ಅಂಗ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ.

ಕ್ಯಾನ್ಸರ್ ಚಿಕಿತ್ಸೆಯ ದಣಿವು, ನಿದ್ರಾಹೀನತೆ, ಭಯಗಳಿಗೆ ಯೋಗವೂ ಧ್ಯಾನವೂ ನೆರವಾಗುತ್ತವೆ, ಕೀಮೋಥೆರಪಿಯ ವಾಕರಿಕೆಗೆ ಆಕ್ಯುಪಂಕ್ಚರಿನಿಂದ ಕೆಲವರಿಗೆ ಉಪಶಮನ ಸಿಗುತ್ತದೆ. ಆದರೆ ವಾಸಿಮಾಡಬಹುದಾದ ಹಂತದಲ್ಲಿದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು ಇತ್ತೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಆರಿಸಿಕೊಂಡ ಮೇಲೆ

ಬಿ.ಎ.ಎಂ.ಎಸ್. (ಆಯುರ್ವೇದ), ಬಿ.ಎಚ್.ಎಂ.ಎಸ್. (ಹೋಮಿಯೋಪತಿ), ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಇವು ಐದೂವರೆ ವರ್ಷದ ಪದವಿಗಳು. ವೈದ್ಯರ ನೋಂದಣಿ ಸಂಖ್ಯೆಯನ್ನೂ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಚಿಕಿತ್ಸಾಲಯಕ್ಕೆ ಸಿಕ್ಕಿರುವ ಪ್ರಮಾಣಪತ್ರವನ್ನೂ ನೋಡಲು ಕೇಳುವುದು ಅವಮಾನ ಮಾಡಿದಂತಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದು 1954ರ ಕಾನೂನಿನ ಪ್ರಕಾರವೇ ನಿಷಿದ್ಧ. ಅಂಥ ಫಲಕ ಕಂಡಲ್ಲಿಗೆ ಹೋಗದಿರುವುದೇ ಕ್ಷೇಮ. ಆರೋಗ್ಯ ವಿಮೆಯಲ್ಲಿ ಆಯುಷ್ (ಆಯುರ್ವೇದ, ಯೋಗ, ಹೋಮಿಯೋಪತಿ ಮುಂತಾದ) ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಪರಿಗಣಿಸಬೇಕೆಂಬ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಆದರೂ ದಾಖಲಾಗುವ ಮೊದಲೇ ಕಂಪನಿಯಿಂದ ಉತ್ತರ ಪಡೆದುಕೊಳ್ಳಬೇಕು. ವಿಶ್ರಾಂತಿಯ ಪ್ಯಾಕೇಜುಗಳಿಗೆ ಸಾಮಾನ್ಯವಾಗಿ ವಿಮೆ ಅನ್ವಯಿಸುವುದಿಲ್ಲ.

ಬೈಯಬಹುದೆಂಬ ಅಂಜಿಕೆಯಿಂದ ಕಷಾಯ, ಲೇಹ್ಯಗಳ ವಿಷಯವನ್ನು ಡಾಕ್ಟರಿಂದ ಮುಚ್ಚಿಡುವವರು ಬಹಳ ಜನ. ಸೇವಿಸುತ್ತಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಎರಡೂ ಕಡೆಯ ವೈದ್ಯರಿಗೆ ತೋರಿಸಿ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ರಕ್ತಸ್ರಾವ ಹೆಚ್ಚಿಸಬಲ್ಲ ಮೂಲಿಕೆಗಳನ್ನು ಎರಡು ವಾರ ಮೊದಲೇ ನಿಲ್ಲಿಸುವ ಬಗ್ಗೆ ಕೇಳಿ. ಚಿಕಿತ್ಸೆ ಆರಂಭಿಸುವ ದಿನವೇ ಅಳತೆಯೊಂದನ್ನು ಇಟ್ಟುಕೊಳ್ಳಬೇಕು: ಎಷ್ಟು ದೂರ ನೋವಿಲ್ಲದೆ ನಡೆಯಬಲ್ಲೆ, ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ, ವಾರಕ್ಕೆಷ್ಟು ನೋವಿನ ಮಾತ್ರೆ ಬೇಕಾಗುತ್ತದೆ ಎಂದು ಬರೆದಿಡಿ. ಆರರಿಂದ ಎಂಟು ವಾರಗಳ ನಂತರವೂ ಆ ಬರಹದಲ್ಲಿ ವ್ಯತ್ಯಾಸ ಕಾಣದಿದ್ದರೆ, ವೈದ್ಯರು ಎಷ್ಟೇ ಆತ್ಮೀಯರಾಗಿದ್ದರೂ, ಇನ್ನೊಂದು ಕೋರ್ಸಿಗೆ ಮುಂಗಡ ಹಣ ಕಟ್ಟಬೇಡಿ.